ದಂಡಿನ ಕ್ವಿನೈನ್: ಪೂರೈಕೆ ಮತ್ತು ಖರ್ಚಿನ ಚರಿತ್ರೆ

ಹತ್ತೊಂಬತ್ತನೆಯ ಶತಮಾನದಲ್ಲಿ ಉಷ್ಣವಲಯದ ನಾಡುಗಳಲ್ಲಿ ಬೀಡುಬಿಟ್ಟಿದ್ದ ಯೂರೋಪಿನ ಸೇನೆಗಳ ಔಷಧಿ ಲೆಕ್ಕದಲ್ಲಿ ಎದ್ದು ಕಾಣುತ್ತಿದ್ದ ಬಾಬು ಸಿಂಕೋನಾ. ಮೊದಲು ಆ ಮರದ ತೊಗಟೆ, ಆಮೇಲೆ ತೊಗಟೆಯಿಂದ ತೆಗೆದ ಕ್ವಿನೈನ್. ಚಳಿಜ್ವರಕ್ಕೆ, ಅಂದರೆ ಇಂದಿನ ಮಾತಿನಲ್ಲಿ ಮಲೇರಿಯಾಕ್ಕೆ, ನಂಬಿಕೆಯಿಟ್ಟು ಕೊಡಬಹುದಾದ ಮದ್ದು ಅದೊಂದೇ ಆಗಿತ್ತು. ಮರ ಬೆಳೆಯುತ್ತಿದ್ದದ್ದು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಇಳಿಜಾರುಗಳಲ್ಲಿ; ಜ್ವರದಿಂದ ನಡುಗುತ್ತಿದ್ದ ದಂಡುಗಳು ಇದ್ದದ್ದು ಭಾರತದಲ್ಲಿ, ಆಫ್ರಿಕದಲ್ಲಿ, ಜಾವಾದಲ್ಲಿ. ಈ ದೂರವನ್ನು ಕಡಿಮೆ ಖರ್ಚಿನಲ್ಲಿ ದಾಟುವುದು ಹೇಗೆಂದು ಸೇನಾ ವೈದ್ಯರು, ಸಸ್ಯಶಾಸ್ತ್ರಜ್ಞರು, ಖಜಾನೆಯ ಅಧಿಕಾರಿಗಳು ನೂರೈವತ್ತು ವರ್ಷ ತಲೆ ಕೆಡಿಸಿಕೊಂಡರು. ಅವರು ಹೂಡಿದ ಉಪಾಯಗಳಲ್ಲಿ ಹೆಚ್ಚಿನವು ಔನ್ಸಿನ ಬೆಲೆಯನ್ನೇ ಗುರಿಯಾಗಿಸಿಕೊಂಡಿದ್ದವು. ಸೇನೆಗಳಿಗೆ ನಿಜವಾಗಿ ದುಬಾರಿಯಾಗಿ ಬಿದ್ದದ್ದು ಬೇರೆ: ತಡವಾಗಿ ಬಂದ ಮದ್ದು, ಒಂದೇ ಕಡೆಯಿಂದ ಬರಬೇಕಾಗಿದ್ದ ಮದ್ದು, ಕೈಗೆ ಬಂದರೂ ನುಂಗದೆ ಉಳಿದ ಮದ್ದು.

ತೊಗಟೆ ಯೂರೋಪಿಗೆ ಬಂದದ್ದು ಹದಿನೇಳನೆಯ ಶತಮಾನದಲ್ಲಿ, ಜೆಸ್ಯೂಟ್ ಪಾದ್ರಿಗಳ ಮೂಲಕ. ಒಣಗಿದ ತೊಗಟೆಯನ್ನು ಪುಡಿ ಮಾಡಿ ದ್ರಾಕ್ಷಾರಸದಲ್ಲಿ ಕದಡಿ ಕುಡಿಸುತ್ತಿದ್ದರು. ಕಹಿ ಒಂದು ತೊಂದರೆಯಾದರೆ ಪ್ರಮಾಣ ಇನ್ನೊಂದು. ಒಂದು ಔನ್ಸಿನಷ್ಟು ಪುಡಿಯನ್ನು ಹೊಟ್ಟೆಗೆ ಹಾಕಿ ಅದನ್ನು ಉಳಿಸಿಕೊಳ್ಳುವುದು ಜ್ವರದ ರೋಗಿಗೆ ಸುಲಭವಿರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು, ಯಾವ ಮೂಟೆಯಲ್ಲಿ ಎಷ್ಟು ಸತ್ವವಿದೆಯೆಂದು ಅಳೆಯುವ ದಾರಿಯೇ ಇಲ್ಲದಿದ್ದದ್ದು. ಒಳ್ಳೆಯ ತೊಗಟೆಯ ಜೊತೆ ಬೇರೆ ಮರಗಳ ತೊಗಟೆಯನ್ನು ಬೆರೆಸಿ ಮಾರುವುದು ವ್ಯಾಪಾರದ ಮಾಮೂಲಿ ಆಗಿತ್ತು. ಸೇನೆಯ ಉಗ್ರಾಣದಲ್ಲಿ ತೂಕ ಸರಿಯಿದ್ದರೂ ಮದ್ದು ಇರುವ ಭರವಸೆ ಇರಲಿಲ್ಲ.

ಹಾಗಾಗಿ ಆ ಕಾಲದ ಸೇನೆಗಳಿಗೆ ತಿಳಿದಿದ್ದ ಅತಿ ಅಗ್ಗದ ಚಿಕಿತ್ಸೆ ಜಾಗ ಬಿಟ್ಟು ಹೋಗುವುದು. 1799ರಲ್ಲಿ ಟಿಪ್ಪು ಮಡಿದು ಶ್ರೀರಂಗಪಟ್ಟಣ ಕೈವಶವಾದ ಮೇಲೆ ಬ್ರಿಟಿಷರು ತಮ್ಮ ದಂಡನ್ನು ಅಲ್ಲಿಯೇ ಇರಿಸಿದ್ದರು. ಕಾವೇರಿಯ ಕವಲುಗಳ ನಡುವಿನ ಆ ದ್ವೀಪದಲ್ಲಿ ಜ್ವರ ವರ್ಷ ವರ್ಷವೂ ಸೈನಿಕರನ್ನು ಕೊಂಡೊಯ್ಯುತ್ತಿತ್ತು. ಹತ್ತು ವರ್ಷ ಸಹಿಸಿ, 1809ರಲ್ಲಿ ದಂಡನ್ನು ಎತ್ತರದ, ಒಣ ಹವೆಯ ಬೆಂಗಳೂರಿಗೆ ಸಾಗಿಸಿದರು. ಹಲಸೂರಿನ ಸುತ್ತ ಬೆಳೆದ ದಂಡುಪ್ರದೇಶದ ಹುಟ್ಟಿಗೆ ರಾಜಕೀಯ ಲೆಕ್ಕಾಚಾರದಷ್ಟೇ ಸೊಳ್ಳೆಯೂ ಕಾರಣ. ಜ್ವರಕ್ಕೆ ಸೊಳ್ಳೆ ಕಾರಣವೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ.

ಅದೇ 1809ರ ಬೇಸಿಗೆಯಲ್ಲಿ ಬ್ರಿಟನ್ ಸುಮಾರು 40,000 ಸೈನಿಕರನ್ನು ನೆದರ್‌ಲ್ಯಾಂಡ್ಸಿನ ವಾಲ್ಖರನ್ ದ್ವೀಪಕ್ಕೆ ಕಳಿಸಿತು. ನೆಪೋಲಿಯನ್ನನ ನೌಕಾನೆಲೆಯನ್ನು ಮುರಿಯುವುದು ಉದ್ದೇಶ. ಕದನದಲ್ಲಿ ಸತ್ತವರು 106 ಮಂದಿ. ರೋಗದಿಂದ ಸತ್ತವರು ಸುಮಾರು 4,000. ಮಲೇರಿಯಾದ ಜೊತೆಗೆ ಟೈಫಸ್, ಟೈಫಾಯ್ಡ್, ಆಮಶಂಕೆಯೂ ಸೇರಿಕೊಂಡಿದ್ದವು. ಮರುವರ್ಷದ ಫೆಬ್ರವರಿಯಲ್ಲೂ ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದಿದ್ದರು. ತಗ್ಗಿನ, ಜೌಗಿನ ಆ ದ್ವೀಪ ಜ್ವರಕ್ಕೆ ಹೆಸರಾಗಿದ್ದರೂ ಹಡಗುಗಳಲ್ಲಿ ಸಾಕಷ್ಟು ತೊಗಟೆ ಇರಲಿಲ್ಲ. ಸ್ಥಳಕ್ಕೆ ಹೋಗಿ ಪರಿಶೀಲಿಸಿ ಬರುವಂತೆ ಆಜ್ಞೆಯಾದಾಗ ಸೇನಾ ವೈದ್ಯಮಂಡಲಿಯ ಮೂವರು ಹಿರಿಯರು ಹೊಣೆಯನ್ನು ಒಬ್ಬರ ಮೇಲೊಬ್ಬರು ಹಾಕಿದರು. ಸೇನೆಯ ಪ್ರಧಾನ ಭಿಷಕ್ ಆಗಿದ್ದ ಸರ್ ಲೂಕಸ್ ಪೆಪಿಸ್ ತನಗೆ ಪಾಳೆಯದ ರೋಗಗಳ ಪರಿಚಯವೇ ಇಲ್ಲವೆಂದು ಹೇಳಿ ಜಾರಿಕೊಂಡ. 1810ರಲ್ಲಿ ಆ ಮಂಡಲಿಯನ್ನೇ ರದ್ದು ಮಾಡಿ, ಒಬ್ಬ ಮಹಾನಿರ್ದೇಶಕನ ಕೈಗೆ ಸೇನಾ ವೈದ್ಯ ಇಲಾಖೆಯನ್ನು ಒಪ್ಪಿಸಲಾಯಿತು.

ಔಷಧಿ ಖರೀದಿಯ ವ್ಯವಸ್ಥೆಯೂ ಆಗ ವಿಚಿತ್ರವಾಗಿತ್ತು. 1747ರ ರಾಜಪತ್ರವೊಂದರ ಬಲದಿಂದ ಬ್ರಿಟಿಷ್ ಸೇನೆಗೆ ಔಷಧಿ ಒದಗಿಸುವ ಹಕ್ಕು ಗಾರ್ನಿಯರ್ ಎಂಬ ಮನೆತನಕ್ಕೆ ವಂಶಪಾರಂಪರ್ಯವಾಗಿ ಸಂದಿತ್ತು. ಪೈಪೋಟಿಯಿಲ್ಲ, ಟೆಂಡರ್ ಇಲ್ಲ. ಸೇನೆ ದೊಡ್ಡದಾದಷ್ಟೂ, ಸೈನಿಕರು ಹೆಚ್ಚು ಕಾಯಿಲೆ ಬಿದ್ದಷ್ಟೂ ಆ ಮನೆತನದ ಲಾಭ ಏರುತ್ತಿತ್ತು. ಸೇನಾ ವೆಚ್ಚವನ್ನು ಪರಿಶೀಲಿಸಲು ನೇಮಿಸಿದ್ದ ಆಯೋಗ 1808ರ ತನ್ನ ಐದನೆಯ ವರದಿಯಲ್ಲಿ ಈ ಏರ್ಪಾಡನ್ನು ಕಟುವಾಗಿ ಟೀಕಿಸಿತು. ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿ ಬೇರೆ ದಾರಿ ಹಿಡಿದಿತ್ತು. ಕಲ್ಕತ್ತಾ, ಮದರಾಸು, ಬೊಂಬಾಯಿಗಳಲ್ಲಿ ತನ್ನದೇ ಔಷಧಿ ಉಗ್ರಾಣಗಳನ್ನಿಟ್ಟು, ಲಂಡನ್ನಿನಿಂದ ಹಡಗಿನಲ್ಲಿ ಸರಕು ತರಿಸಿ, ಅಲ್ಲಿಂದ ರೆಜಿಮೆಂಟುಗಳಿಗೂ ಆಸ್ಪತ್ರೆಗಳಿಗೂ ಹಂಚುತ್ತಿತ್ತು. ಕಳ್ಳತನವೂ ಕೊಳೆಯುವಿಕೆಯೂ ಇಲ್ಲಿಯೂ ಇದ್ದವು, ಆದರೆ ಏನು ಬಂತು, ಏನು ಹೋಯಿತು ಎಂಬ ಲೆಕ್ಕ ಸರ್ಕಾರದ ಕೈಯಲ್ಲೇ ಇರುತ್ತಿತ್ತು. ಈ ಮೂರು ಉಗ್ರಾಣಗಳು ಮುಂದೆ ಭಾರತದ ಸರ್ಕಾರಿ ಔಷಧಿ ಪೂರೈಕೆಯ ಬೆನ್ನೆಲುಬಾದವು.

1820ರಲ್ಲಿ ಪ್ಯಾರಿಸಿನ ಪೆಲ್ತಿಯೇ ಮತ್ತು ಕಾವಾಂತು ಎಂಬ ಇಬ್ಬರು ರಸಾಯನಜ್ಞರು ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದಾಗ ಸಾಗಣೆಯ ಲೆಕ್ಕವೇ ಬದಲಾಯಿತು. ಸಾಮಾನ್ಯ ತೊಗಟೆಯಲ್ಲಿ ಕ್ವಿನೈನಿನ ಅಂಶ ನೂರಕ್ಕೆ ಎರಡೋ ಮೂರೋ ಪಾಲು. ಉಳಿದದ್ದೆಲ್ಲ ಹಡಗಿನಲ್ಲಿ ಜಾಗ ತಿನ್ನುವ ನಾರು. ಬಂಡಿ ತುಂಬ ಹೊರಬೇಕಾಗಿದ್ದ ಮದ್ದು ಈಗ ವೈದ್ಯನ ಪೆಟ್ಟಿಗೆಯಲ್ಲಿ ಸೀಸೆಗಳಾಗಿ ಕೂತಿತು. ಗ್ರೈನ್ ಲೆಕ್ಕದಲ್ಲಿ ತೂಗಿ ಕೊಡಬಹುದಾದ್ದರಿಂದ ಪ್ರಮಾಣವೂ ಖಚಿತವಾಯಿತು, ಕಲಬೆರಕೆಯನ್ನು ಪತ್ತೆಹಚ್ಚುವುದೂ ಸಾಧ್ಯವಾಯಿತು. 1854ರಲ್ಲಿ ವಿಲಿಯಂ ಬೈಕಿ ಎಂಬ ನೌಕಾ ವೈದ್ಯ 'ಪ್ಲೀಯಡ್' ಎಂಬ ಹಬೆಹಡಗಿನಲ್ಲಿ ಆಫ್ರಿಕದ ನೈಜರ್ ನದಿಯ ಮೇಲೆ ಸಾಗಿದ. ಜ್ವರ ಬರುವ ಮೊದಲೇ ತನ್ನವರಿಗೆ ದಿನವೂ ಕ್ವಿನೈನ್ ಕೊಟ್ಟು, ಒಬ್ಬನನ್ನೂ ಕಳೆದುಕೊಳ್ಳದೆ ಹಿಂದಿರುಗಿದ. ಹದಿಮೂರು ವರ್ಷ ಮೊದಲು ಅದೇ ನದಿಗೆ ಹೋಗಿದ್ದ ದೊಡ್ಡ ತಂಡ ಜ್ವರಕ್ಕೆ ಹಲವರನ್ನು ಬಲಿಕೊಟ್ಟು ಮರಳಿತ್ತು.

ಆದರೆ ಈ ಗೆಲುವೇ ಬೇಡಿಕೆಯನ್ನು ಏರಿಸಿತು. ಕಾಯಿಲೆಯಾದವನಿಗೆ ಮಾತ್ರ ಕೊಡುತ್ತಿದ್ದ ಮದ್ದನ್ನು ಆರೋಗ್ಯವಂತ ಸೈನಿಕನಿಗೂ ದಿನವೂ ಕೊಡಬೇಕೆಂದಾದರೆ ಖರ್ಚು ಎಲ್ಲಿಗೆ ಹೋಗಿ ಮುಟ್ಟಬೇಕು? ಆಂಡಿಸಿನಲ್ಲಿ ತೊಗಟೆ ಸಂಗ್ರಹಿಸುವವರು ಕಾಡುಮರವನ್ನು ಕಡಿದು ಸುಲಿಯುತ್ತಿದ್ದರು, ನೆಡುವವರು ಯಾರೂ ಇರಲಿಲ್ಲ. 1857ರ ದಂಗೆಯ ನಂತರ ಭಾರತದಲ್ಲಿ ಯೂರೋಪಿಯನ್ ಸೈನಿಕರ ಸಂಖ್ಯೆ ಹೆಚ್ಚಿತು, ಅವರ ಜೊತೆಗೆ ಕ್ವಿನೈನಿನ ಖರ್ಚೂ. ಮರವನ್ನೇ ಭಾರತಕ್ಕೆ ತಂದು ಬೆಳೆಸಬೇಕೆಂದು ಸಸ್ಯಶಾಸ್ತ್ರಜ್ಞ ಜಾನ್ ಫೋರ್ಬ್ಸ್ ರಾಯ್ಲ್ 1830ರ ದಶಕದಿಂದಲೇ ಹೇಳುತ್ತ ಬಂದಿದ್ದ. ಅವನು ತೀರಿಕೊಂಡ ಮರುವರ್ಷ, 1859ರಲ್ಲಿ, ಇಂಡಿಯಾ ಆಫೀಸು ಆ ಕೆಲಸವನ್ನು ತನ್ನ ನೌಕರನಾದ ಕ್ಲೆಮೆಂಟ್ಸ್ ಮಾರ್ಕಂಗೆ ವಹಿಸಿತು.

ಮಾರ್ಕಂ 1860ರಲ್ಲಿ ಪೆರುವಿನ ಕಾಡುಗಳಿಂದ ಸಸಿಗಳನ್ನು ಕಿತ್ತು ಗಾಜಿನ ಪೆಟ್ಟಿಗೆಗಳಲ್ಲಿ ಜೋಡಿಸಿದ. ಪೆಸಿಫಿಕ್ ಸಾಗರ ದಾಟಿ ನೇರವಾಗಿ ಮದರಾಸಿಗೆ ಒಯ್ಯಲು ಒಂದು ಹಬೆಹಡಗು ಬೇಕೆಂಬ ಅವನ ಬೇಡಿಕೆಯನ್ನು ಸರ್ಕಾರ ಒಪ್ಪಲಿಲ್ಲ. ಸಸಿಗಳು ಪನಾಮಾ, ಇಂಗ್ಲೆಂಡ್, ಸೂಯೆಜ್, ಬೊಂಬಾಯಿ ಎಂದು ಅರ್ಧ ಭೂಮಿ ಸುತ್ತಿದವು. ಕೆಂಪು ಸಮುದ್ರದ ಸೆಕೆಯಲ್ಲಿ ಬೆಂದು ಬಹುತೇಕ ಎಲ್ಲವೂ ಸತ್ತವು. ಒಂದು ಹಡಗಿನ ಬಾಡಿಗೆ ಉಳಿಸಿದ್ದಕ್ಕೆ ತೆತ್ತ ಬೆಲೆ ಅದು. ಯೋಜನೆ ಉಳಿದದ್ದು ಇನ್ನೊಂದು ತಂಡದಿಂದ. ಈಕ್ವೆಡಾರಿನಲ್ಲಿ ರಿಚರ್ಡ್ ಸ್ಪ್ರೂಸ್ ಕೆಂಪು ತೊಗಟೆಯ ಜಾತಿಯ ಒಂದು ಲಕ್ಷ ಬೀಜ ಕೂಡಿಸಿದ; ತೋಟಗಾರ ರಾಬರ್ಟ್ ಕ್ರಾಸ್ ಸಸಿಗಳನ್ನು ಜತನದಿಂದ ಸಾಗಿಸಿ 1861ರಲ್ಲಿ ಊಟಿಗೆ ತಲುಪಿಸಿದ. ತೋಟಕ್ಕೆ ಹೊಂದುವ ನೆಲ ಹುಡುಕುತ್ತ ಮಾರ್ಕಂ ಮೈಸೂರು, ಕೊಡಗುಗಳನ್ನೂ ಸುತ್ತಿದ್ದ. ಕೊನೆಗೆ ದೊಡ್ಡ ಪ್ರಮಾಣದಲ್ಲಿ ನೆಟ್ಟದ್ದು ನೀಲಗಿರಿಯ ದೊಡ್ಡಬೆಟ್ಟ ಮತ್ತು ನಡುವಟ್ಟದಲ್ಲಿ. ಉತ್ತರದಲ್ಲಿ ಡಾರ್ಜಿಲಿಂಗ್ ಬಳಿಯ ಮಂಗ್ಪೂವಿನಲ್ಲಿ ಇನ್ನೊಂದು ಸರ್ಕಾರಿ ತೋಟ ಎದ್ದಿತು.

ನೀಲಗಿರಿ ತೋಟಗಳ ಮೇಲ್ವಿಚಾರಕ ವಿಲಿಯಂ ಗ್ರಹಾಂ ಮೆಕೈವರ್ ಖರ್ಚಿನ ಮೇಲೆ ಕಣ್ಣಿಟ್ಟ ಮನುಷ್ಯ. ಮರ ಕಡಿಯದೆ ತೊಗಟೆಯನ್ನು ಪಟ್ಟಿಪಟ್ಟಿಯಾಗಿ ಸುಲಿದು, ಗಾಯದ ಮೇಲೆ ಹಾವಸೆ ಹೊದಿಸಿ ಕಟ್ಟಿದರೆ ಹೊಸ ತೊಗಟೆ ಬೆಳೆಯುತ್ತದೆ, ಅದರಲ್ಲಿ ಸತ್ವ ಹಳೆಯದಕ್ಕಿಂತ ಹೆಚ್ಚೇ ಇರುತ್ತದೆ ಎಂದು ಅವನು ತೋರಿಸಿಕೊಟ್ಟ. ಕೂಲಿಯ ಖರ್ಚು ಉಳಿಸಲು ಕೈದಿಗಳನ್ನು ದುಡಿಸಿಕೊಂಡರು. ಮಲಯದ ಬ್ರಿಟಿಷ್ ವಸಾಹತುಗಳಿಂದ ಮದರಾಸಿನ ಜೈಲುಗಳಿಗೆ ಬಂದಿದ್ದ ಚೀನೀ ಕೈದಿಗಳನ್ನು ನಡುವಟ್ಟಕ್ಕೆ ತಂದು, ಅಲ್ಲೇ ಜೈಲು ಕಟ್ಟಿ ಕೂಡಿಟ್ಟರು. ಬಿಡುಗಡೆಯಾದ ಮೇಲೆ ಕೆಲವರು ಅಲ್ಲೇ ತಮಿಳು ಹೆಂಗಸರನ್ನು ಮದುವೆಯಾಗಿ ನೆಲೆ ನಿಂತರು. ಸಿಂಕೋನಾದ ಅಗ್ಗದ ಬೆಲೆಯಲ್ಲಿ ಇವರ ಬಿಟ್ಟಿ ದುಡಿಮೆಯ ಪಾಲೂ ಇದೆ. ಲೆಕ್ಕಪತ್ರಗಳಲ್ಲಿ ಅದು ಉಳಿತಾಯವಾಗಿ ಮಾತ್ರ ಕಾಣುತ್ತದೆ.

ನೀಲಗಿರಿಯಲ್ಲಿ ಚೆನ್ನಾಗಿ ಬೆಳೆದ ಕೆಂಪು ತೊಗಟೆಯ ಜಾತಿಗೆ ಒಂದು ಕುಂದಿತ್ತು. ಅದರಲ್ಲಿ ಒಟ್ಟು ಕ್ಷಾರಗಳು (ಆಲ್ಕಲಾಯ್ಡುಗಳು) ಧಾರಾಳವಾಗಿದ್ದರೂ ಕ್ವಿನೈನಿನ ಪಾಲು ಕಡಿಮೆ. ಸಿಂಕೋನಿನ್, ಸಿಂಕೋನಿಡಿನ್, ಕ್ವಿನಿಡಿನ್ ಎಂಬ ಅದರ ಸೋದರ ಕ್ಷಾರಗಳೇ ಹೆಚ್ಚು. ಮಾರುಕಟ್ಟೆಯಲ್ಲಿ ಕ್ವಿನೈನಿಗೆ ಬೆಲೆ, ಉಳಿದವು ಕಸದ ಸಮ. ಇವು ನಿಜಕ್ಕೂ ಕೆಲಸಕ್ಕೆ ಬಾರದವೇ ಎಂದು ತಿಳಿಯಲು ಸರ್ಕಾರ ಆಯೋಗಗಳನ್ನು ನೇಮಿಸಿತು. 1866ರಿಂದ 1868ರವರೆಗೆ ಸಾವಿರಾರು ಜ್ವರಪೀಡಿತರಿಗೆ ನಾಲ್ಕೂ ಕ್ಷಾರಗಳನ್ನು ಬೇರೆ ಬೇರೆಯಾಗಿ ಕೊಟ್ಟು ನೋಡಿದರು. ನಾಲ್ಕೂ ಹೆಚ್ಚುಕಡಿಮೆ ಸಮ. ನೂರಕ್ಕೆ 98ಕ್ಕೂ ಹೆಚ್ಚು ರೋಗಿಗಳಲ್ಲಿ ಜ್ವರ ಬಿಟ್ಟಿತು. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಇಷ್ಟು ದೊಡ್ಡ ಹೋಲಿಕೆಯ ಪರೀಕ್ಷೆಗಳು ಆವರೆಗೆ ವಿರಳ. ಅದರ ಫಲಿತಾಂಶ ಸಾರುತ್ತಿದ್ದದ್ದು ಇಷ್ಟು: ಸೇನೆಗಳೂ ಸರ್ಕಾರಗಳೂ ದುಬಾರಿ ಬೆಲೆ ಕೊಡುತ್ತಿದ್ದದ್ದು ಬಹುಪಾಲು ಕ್ವಿನೈನಿನ ಶುದ್ಧ ಬಿಳುಪಿಗೆ.

ಈ ತಿಳಿವಳಿಕೆಯನ್ನು ಮದರಾಸು ಬಳಸಿಕೊಳ್ಳಲು ಹೋಗಿ ಎಡವಿತು. ನೀಲಗಿರಿಯಲ್ಲಿ ಸರ್ಕಾರಿ ರಸಾಯನಜ್ಞನಾಗಿದ್ದ ಜಾನ್ ಬ್ರೌಟನ್ ತೋಟದಲ್ಲೇ ತಯಾರಿಸಿದ ಮಿಶ್ರಣ ನಿರೀಕ್ಷಿಸಿದಷ್ಟು ಅಗ್ಗವಾಗಲಿಲ್ಲ, ಆ ತಯಾರಿಕೆಯನ್ನು ಕೈಬಿಟ್ಟರು. ಬಂಗಾಳಕ್ಕೆ ಕೈಗೂಡಿತು. ಮಂಗ್ಪೂವಿನಲ್ಲಿ 1870ರ ದಶಕದ ನಡುವೆ ಸಿ. ಎಚ್. ವುಡ್ ನಾಲ್ಕೂ ಕ್ಷಾರಗಳನ್ನು ಒಟ್ಟಿಗೆ ಇಳಿಸಿ 'ಸಿಂಕೋನಾ ಫೆಬ್ರಿಫ್ಯೂಜ್' ಎಂಬ ಪುಡಿ ಮಾಡಿದ. ಆಮದು ಕ್ವಿನೈನಿಗಿಂತ ಅದು ಎಷ್ಟೋ ಅಗ್ಗ. ಬಂಗಾಳದ ಸರ್ಕಾರಿ ಉಗ್ರಾಣಗಳಿಂದ ಆಮದು ಕ್ವಿನೈನಿನ ಖರೀದಿ ಗಣನೀಯವಾಗಿ ಇಳಿಯಿತು. ಪುಡಿಗೆ ಒಂದಿಷ್ಟು ಓಕರಿಕೆ ತರುವ ಗುಣವಿತ್ತು, ಬಣ್ಣ ಮಾಸಲು. ಹೀಗಾಗಿ ಒಂದು ಅಘೋಷಿತ ಪಂಕ್ತಿಭೇದ ಬೆಳೆಯಿತು: ದುಡ್ಡಿದ್ದವರಿಗೆ, ಯೂರೋಪಿಯನ್ನರಿಗೆ ಬಿಳಿ ಕ್ವಿನೈನ್, ಧರ್ಮಾಸ್ಪತ್ರೆಗಳ ಬಡವರಿಗೆ ಫೆಬ್ರಿಫ್ಯೂಜ್. ಆಯೋಗದ ಪರೀಕ್ಷೆಗಳು ಈ ಭೇದಕ್ಕೆ ಆಧಾರ ಕೊಟ್ಟಿರಲಿಲ್ಲ.

ನೀಲಗಿರಿಯ ತೋಟಗಳು ಇನ್ನೂ ಎಳೆಯವಾಗಿದ್ದಾಗಲೇ ಅಟ್ಲಾಂಟಿಕಿನ ಆಚೆ ಅಮೆರಿಕದ ಅಂತರ್ಯುದ್ಧ ಪೂರೈಕೆಯ ಇನ್ನೊಂದು ಮುಖ ತೋರಿಸಿತು. ಉತ್ತರದ ಸೇನೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಲೇರಿಯಾ ಪ್ರಕರಣ ದಾಖಲಾದವು. ಅದು ಟನ್ನುಗಟ್ಟಲೆ ಕ್ವಿನೈನ್ ಬಳಸಿತು. ದಕ್ಷಿಣದವರ ಬಂದರುಗಳಿಗೆ ಉತ್ತರದ ನೌಕಾಪಡೆ ದಿಗ್ಬಂಧನ ಹಾಕಿದ್ದರಿಂದ ಅಲ್ಲಿ ಮದ್ದು ಕಳ್ಳಸಾಗಣೆಯ ಸರಕಾಯಿತು, ಯುದ್ಧದ ಕೊನೆಗೆ ಔನ್ಸಿಗೆ ನೂರಾರು ಡಾಲರ್ ಮುಟ್ಟಿತು. ಅಲ್ಲಿನ ವೈದ್ಯರು ಡಾಗ್‌ವುಡ್, ವಿಲೋ ಮರಗಳ ತೊಗಟೆ ಕುದಿಸಿ ಕಷಾಯ ಕೊಟ್ಟು ನೋಡಿದರು; ಜ್ವರ ಬಗ್ಗಲಿಲ್ಲ. ಉತ್ತರದಲ್ಲಿ ಸಮಸ್ಯೆ ಬೆಲೆ ಮತ್ತು ಗುಣಮಟ್ಟದ್ದು. ಸರ್ಜನ್ ಜನರಲ್ ವಿಲಿಯಂ ಹ್ಯಾಮಂಡ್ 1863ರಲ್ಲಿ ಫಿಲಡೆಲ್ಫಿಯಾ ಮತ್ತು ಆಸ್ಟೋರಿಯಾದಲ್ಲಿ ಸೇನೆಯದೇ ಔಷಧಿ ಕಾರ್ಖಾನೆಗಳನ್ನು ತೆರೆದ. ಮರುವರ್ಷ, ಸರಬರಾಜಿನ ಖರೀದಿಯಲ್ಲಿ ಅಕ್ರಮ ನಡೆಸಿದನೆಂಬ ಆರೋಪದ ಮೇಲೆ ಸೇನಾ ನ್ಯಾಯಾಲಯ ಅವನನ್ನೇ ವಜಾ ಮಾಡಿತು. ಅದರ ಹಿಂದೆ ಯುದ್ಧಮಂತ್ರಿಯ ವೈಯಕ್ತಿಕ ದ್ವೇಷವಿತ್ತೆಂಬುದು ಬಹುತೇಕ ಚರಿತ್ರಕಾರರ ಅಭಿಪ್ರಾಯ. 1879ರಲ್ಲಿ ಆ ತೀರ್ಪನ್ನು ರದ್ದುಗೊಳಿಸಲಾಯಿತು.

ಬ್ರಿಟಿಷರ ಯೋಜನೆಗೆ ನಿಜವಾದ ಹೊಡೆತ ಬಿದ್ದದ್ದು ಒಂದು ಬೀಜದ ಪೊಟ್ಟಣದಿಂದ. ಬೊಲಿವಿಯಾದ ಕಾಡುಗಳ ಒಳಹೊರಗು ಬಲ್ಲ ಮಾನುವೆಲ್ ಮಮಾನಿ ಎಂಬ ಆದಿವಾಸಿ ಅತ್ಯುತ್ತಮ ಮರಗಳ ಬೀಜ ಸಂಗ್ರಹಿಸಿ ತನ್ನ ಧಣಿ ಚಾರ್ಲ್ಸ್ ಲೆಜರ್‌ಗೆ ಕೊಟ್ಟಿದ್ದ. 1865ರಲ್ಲಿ ಲೆಜರನ ತಮ್ಮ ಅವನ್ನು ಲಂಡನ್ನಿನಲ್ಲಿ ಮಾರಲು ಹೋದಾಗ ಸರ್ಕಾರ ಬೇಡವೆಂದಿತು. ಡಚ್ಚರು ಸುಮಾರು ಒಂದು ಪೌಂಡು ಬೀಜ ಕೊಂಡು ಜಾವಾದಲ್ಲಿ ಬಿತ್ತಿದರು. ಬೆಳೆದ ಮರಗಳ ತೊಗಟೆಯಲ್ಲಿ ಕ್ವಿನೈನ್ ನೂರಕ್ಕೆ ಹತ್ತರ ಮೇಲೆ! ಮಮಾನಿಯನ್ನು ಬೀಜ ಸಾಗಿಸಿದ ತಪ್ಪಿಗೆ ಜೈಲಿಗೆ ಹಾಕಿ ಹೊಡೆದರು; ಅದರಿಂದಲೇ ಅವನು ಸತ್ತ. ಡಚ್ಚರು ಆಯ್ದ ಮರಗಳನ್ನು ಕಸಿ ಮಾಡಿ, ಪ್ರತಿ ಮರದ ಸತ್ವ ಅಳೆದು, ದುರ್ಬಲವಾದವನ್ನು ಕಿತ್ತೆಸೆದು ತಳಿ ಸುಧಾರಿಸಿದರು. 1930ರ ಹೊತ್ತಿಗೆ ಜಗತ್ತಿನ ತೊಗಟೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಜಾವಾದ್ದು.

ಅದರ ನಡುವೆ ಸಿಲೋನಿನ ಕತೆಯೂ ನಡೆದುಹೋಗಿತ್ತು. ಎಲೆರೋಗ ಬಂದು ಕಾಫಿ ಹಾಳಾದಾಗ ಅಲ್ಲಿನ ತೋಟಗಾರರು ಸಿಂಕೋನಾ ನೆಟ್ಟರು. 1886ರಲ್ಲಿ ಒಂದೂವರೆ ಕೋಟಿ ಪೌಂಡು ತೊಗಟೆ ರಫ್ತಾಯಿತು. ಮಾರುಕಟ್ಟೆ ಕುಸಿದು, 1880ರ ದಶಕದ ಆರಂಭದಲ್ಲಿದ್ದ ಕ್ವಿನೈನ್ ಬೆಲೆ ಹತ್ತು ವರ್ಷದೊಳಗೆ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯಿತು. ತೋಟಗಾರರು ಸಿಂಕೋನಾ ಕಿತ್ತು ಚಹಾ ನೆಟ್ಟರು. ಸರ್ಕಾರಿ ಯೋಜನೆಗಳು ಮೂವತ್ತು ವರ್ಷ ಯತ್ನಿಸಿದ್ದ ಬೆಲೆಯಿಳಿಕೆಯನ್ನು ಸಿಲೋನಿನವರ ದಿವಾಳಿ ಒಂದೇ ಏಟಿಗೆ ಸಾಧಿಸಿತು. ಆ ಅಗ್ಗದ ಕಾಲದಲ್ಲೇ ಬಂಗಾಳ ಸರ್ಕಾರ 1892ರಲ್ಲಿ ಅಂಚೆ ಕಚೇರಿಗಳಲ್ಲಿ ಕಾಸಿಗೊಂದು ಕ್ವಿನೈನ್ ಪೊಟ್ಟಣ ಮಾರಲು ಶುರುಮಾಡಿತು. ಒಂದು ಪೊಟ್ಟಣದಲ್ಲಿ ಒಂದು ಹೊತ್ತಿನ ಮದ್ದು. ಪೊಟ್ಟಣ ಕಟ್ಟಿದವರು ಅಲಿಪುರ ಜೈಲಿನ ಕೈದಿಗಳು. ಅಂಚೆಯಣ್ಣ ತಲುಪುವ ಹಳ್ಳಿಗೆಲ್ಲ ಮದ್ದು ತಲುಪಬಲ್ಲದೆಂಬ ಈ ಯೋಚನೆ, ವೈದ್ಯರೇ ಇಲ್ಲದ ನಾಡಿನಲ್ಲಿ, ಆ ಕಾಲದ ಅತ್ಯಂತ ಬುದ್ಧಿವಂತ ವಿತರಣಾ ವ್ಯವಸ್ಥೆ.

ಬೆಲೆ ಹೀಗೆ ಪಾತಾಳಕ್ಕಿಳಿದದ್ದು ಜಾವಾದವರಿಗೂ ಸಹ್ಯವಾಗಲಿಲ್ಲ. 1913ರಲ್ಲಿ ಅಲ್ಲಿನ ತೋಟಗಾರರು ಮತ್ತು ಯೂರೋಪಿನ ಕ್ವಿನೈನ್ ತಯಾರಕರು ಒಪ್ಪಂದ ಮಾಡಿಕೊಂಡು, ಆಮ್‌ಸ್ಟರ್‌ಡ್ಯಾಮಿನ ಕೀನಾ ಬ್ಯೂರೋ ಮೂಲಕ ಬೆಲೆಯನ್ನೂ ಸರಬರಾಜನ್ನೂ ಹತೋಟಿಗೆ ತೆಗೆದುಕೊಂಡರು. ಮರುವರ್ಷ ಮಹಾಯುದ್ಧ ಆರಂಭವಾಯಿತು.

ಆ ಯುದ್ಧದಲ್ಲಿ ಮಸೆಡೋನಿಯಾ ರಂಗ ಜ್ವರದ ರಂಗವೇ ಆಯಿತು. ಅಲ್ಲಿನ ಬ್ರಿಟಿಷ್ ಪಡೆಯಲ್ಲಿ ಮಲೇರಿಯಾದಿಂದ ಆಸ್ಪತ್ರೆ ಸೇರಿದ ಪ್ರಕರಣಗಳು 1,60,000ಕ್ಕೂ ಹೆಚ್ಚು; ಕಾದಾಟದಲ್ಲಿ ಸತ್ತ, ಗಾಯಗೊಂಡ, ಕಾಣೆಯಾದವರು ಸುಮಾರು 24,000. ಫ್ರೆಂಚ್ ಪಡೆಯ ಸ್ಥಿತಿ 1916ರಲ್ಲಿ ಇದಕ್ಕಿಂತ ಉತ್ತಮವಿರಲಿಲ್ಲ. ಕ್ವಿನೈನ್ ಇರಲಿಲ್ಲವೆಂದಲ್ಲ, ಸೈನಿಕರು ಅದನ್ನು ನುಂಗುತ್ತಿರಲಿಲ್ಲ. ಕಹಿ, ಕಿವಿಯಲ್ಲಿ ಗುಂಯ್‌ಗುಡುವಿಕೆ, ತಲೆಸುತ್ತು ಒಂದು ಕಡೆ. ಜ್ವರ ಬಂದರೆ ಊರಿಗೆ ಕಳಿಸಿಯಾರೆಂಬ ಆಸೆ ಇನ್ನೊಂದು ಕಡೆ. ಅಲ್ಜೀರಿಯಾದಲ್ಲಿ ಮಲೇರಿಯಾದ ಕೆಲಸ ಮಾಡಿದ್ದ ಸೆರ್ಜಾಂ ಸೋದರರನ್ನು ಫ್ರೆಂಚರು ಕರೆಸಿದರು. ಅವರು 1917ರಲ್ಲಿ ಸೈನಿಕರ ಮೂತ್ರ ಪರೀಕ್ಷಿಸಿ ಕ್ವಿನೈನ್ ಒಳಗೆ ಹೋಗಿದೆಯೇ ಎಂದು ನೋಡುವ ಪದ್ಧತಿ ತಂದರು. ಪೂರೈಕೆಯ ಲೆಕ್ಕ ಉಗ್ರಾಣದ ಬಾಗಿಲಿಗೆ ಮುಗಿಯದೆ ಸೈನಿಕನ ದೇಹದವರೆಗೆ ಸಾಗಿತು.

1918ರ ಬೇಸಿಗೆಯನ್ನು ಬ್ರಿಟಿಷ್ ಸೇನಾಪತಿ ಅಲೆನ್‌ಬಿಯ ಅಶ್ವದಳಗಳು ಪ್ಯಾಲೆಸ್ಟೈನಿನ ಜೋರ್ಡಾನ್ ಕಣಿವೆಯಲ್ಲಿ ಕಳೆದವು. ಮೈಸೂರು ಲ್ಯಾನ್ಸರ್ಸ್ ಇದ್ದ ದೇಶೀ ಸಂಸ್ಥಾನಗಳ ಬ್ರಿಗೇಡೂ ಅಲ್ಲಿತ್ತು. ತಮ್ಮ ಸಾಲಿನ ಹಿಂದಿನ ಜೌಗು ನೆಲಗಳನ್ನು ಬತ್ತಿಸಿ, ನಿಂತ ನೀರಿಗೆ ಎಣ್ಣೆ ಬಿಟ್ಟು ಜ್ವರವನ್ನು ಒಂದು ಮಟ್ಟಕ್ಕೆ ಹಿಡಿದಿಟ್ಟಿದ್ದರು. ಸೆಪ್ಟೆಂಬರಿನಲ್ಲಿ ಪಡೆಗಳು ಮುನ್ನುಗ್ಗಿ, 23ರಂದು ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್ ಹೈಫಾ ಹಿಡಿದವು. ಗೆದ್ದ ನೆಲದಲ್ಲಿ ಯಾವ ಜೌಗನ್ನೂ ಯಾರೂ ಬತ್ತಿಸಿರಲಿಲ್ಲ. ಅಕ್ಟೋಬರಿನಲ್ಲಿ ದಮಾಸ್ಕಸ್ ತಲುಪುವ ಹೊತ್ತಿಗೆ ಆ ಸೇನೆಯನ್ನು ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ ಕೆಡವಿದ್ದವು.

ಜರ್ಮನಿಗೆ ದಿಗ್ಬಂಧನ ಕಲಿಸಿದ ಪಾಠ ಬೇರೆ. ಜಾವಾದ ತೊಗಟೆ ಕೈಗೆ ಸಿಗದ ಆ ದೇಶದಲ್ಲಿ ಬೇಯರ್ ಕಂಪನಿಯ ರಸಾಯನಜ್ಞರು ಯುದ್ಧದ ನಂತರ ಕೃತಕ ಮದ್ದುಗಳ ಬೆನ್ನುಹತ್ತಿದರು. 1920ರ ದಶಕದಲ್ಲಿ ಪ್ಲಾಸ್ಮೋಕಿನ್, 1930ರ ದಶಕದ ಆರಂಭದಲ್ಲಿ ಅಟೆಬ್ರಿನ್ ಬಂದವು. 1934ರಲ್ಲಿ ಹಾನ್ಸ್ ಆಂಡರ್‌ಸಾಗ್ ಇನ್ನೊಂದನ್ನು ತಯಾರಿಸಿದ. ಅದು ವಿಷಕಾರಿಯೆಂದು ಕಂಪನಿ ಬದಿಗಿಟ್ಟಿತು. ಮುಂದೆ ಕ್ಲೋರೋಕ್ವಿನ್ ಎಂದು ಜಗತ್ತೆಲ್ಲ ಬಳಸಿದ್ದು ಅದನ್ನೇ.

ಭಾರತದಲ್ಲಿ ಆಗ ಸ್ಥಿತಿ ಸಂತೋಷಪಡುವಂತಿರಲಿಲ್ಲ. ಬಳಕೆಯ ಸುಮಾರು ಮೂರನೆಯ ಒಂದು ಪಾಲು ಮಾತ್ರ ಇಲ್ಲಿಯ ತೋಟಗಳದ್ದು, ಉಳಿದದ್ದು ಆಮದು. ಅಂಗಡಿಗಳಲ್ಲಿ ಮಾರುವ ಕ್ವಿನೈನ್ ಗುಳಿಗೆಗಳಲ್ಲಿ ಹೇಳಿದಷ್ಟು ಕ್ವಿನೈನ್ ಇರುವುದಿಲ್ಲವೆಂಬ ದೂರು ಶಾಸನಸಭೆಯವರೆಗೂ ಹೋಯಿತು. ರಾಮನಾಥ ಚೋಪ್ರಾ ಅಧ್ಯಕ್ಷತೆಯ ಸಮಿತಿ 1931ರಲ್ಲಿ ಕೊಟ್ಟ ವರದಿಯೇ 1940ರ ಔಷಧಿ ಕಾಯಿದೆಗೆ ಅಡಿಪಾಯವಾಯಿತು. ಇದೇ ವರ್ಷಗಳಲ್ಲಿ ರಾಷ್ಟ್ರಸಂಘದ ಮಲೇರಿಯಾ ಆಯೋಗ, ಸಿಂಕೋನಾದ ಎಲ್ಲ ಕ್ಷಾರಗಳ ಮಿಶ್ರಣಕ್ಕೆ 'ಟೋಟಾಕ್ವಿನ್' ಎಂದು ಹೆಸರಿಟ್ಟು, ಕ್ವಿನೈನ್ ಕನಿಷ್ಠ ನೂರಕ್ಕೆ 15 ಇರಬೇಕೆಂಬ ಮಾನದಂಡ ಹಾಕಿತು. ಮಂಗ್ಪೂವಿನ ಮಾಸಲು ಪುಡಿಗೆ ಅರವತ್ತು ವರ್ಷ ತಡವಾಗಿ ಸಿಕ್ಕ ಮರ್ಯಾದೆ ಅದು.

1940ರ ಮೇ ತಿಂಗಳಲ್ಲಿ ಜರ್ಮನರು ಆಮ್‌ಸ್ಟರ್‌ಡ್ಯಾಮಿನ ದಾಸ್ತಾನನ್ನು, 1942ರ ಮಾರ್ಚಿನಲ್ಲಿ ಜಪಾನೀಯರು ಜಾವಾದ ತೋಟಗಳನ್ನು ಹಿಡಿದರು. ಜಗತ್ತಿನ ಕ್ವಿನೈನ್ ವ್ಯಾಪಾರದ ಎರಡೂ ತುದಿಗಳು ಹೀಗೆ ಶತ್ರುಗಳ ವಶವಾದವು. ಅಗ್ಗದ ಒಂದೇ ಮೂಲವನ್ನು ನಂಬಿದ್ದರ ಬೆಲೆಯನ್ನು ಮೊದಲು ತೆತ್ತವರು ಫಿಲಿಪ್ಪೀನ್ಸಿನ ಬತಾನ್ ಪರ್ಯಾಯದ್ವೀಪದಲ್ಲಿ ಸಿಕ್ಕಿಬಿದ್ದ ಅಮೆರಿಕನ್ ಮತ್ತು ಫಿಲಿಪಿನೋ ಸೈನಿಕರು. ದಾಸ್ತಾನು ಕರಗಿದಂತೆ ಜ್ವರ ತಡೆಯಲು ಕೊಡುತ್ತಿದ್ದ ಕ್ವಿನೈನ್ ನಿಂತಿತು. ಮಾರ್ಚ್ ಕೊನೆಗೆ ದಿನಕ್ಕೆ ನೂರಾರು ಜನ ಮಲೇರಿಯಾದಿಂದ ಆಸ್ಪತ್ರೆ ಸೇರುತ್ತಿದ್ದರು. ಏಪ್ರಿಲ್ 9ರಂದು ಆ ಸೇನೆ ಶರಣಾಯಿತು. ಅಮೆರಿಕ ತನ್ನ ಸಸ್ಯಶಾಸ್ತ್ರಜ್ಞರನ್ನು ಕೊಲಂಬಿಯಾ, ಈಕ್ವೆಡಾರ್‌ಗಳ ಕಾಡುಗಳಿಗೆ ಮತ್ತೆ ತೊಗಟೆ ಹುಡುಕಲು ಕಳಿಸಿತು. ಅಲ್ಲಿ ಸಿಕ್ಕ ತೊಗಟೆಯಲ್ಲಿ ಬಹುಪಾಲಿಗೆ ಕ್ವಿನೈನ್ ಕಡಿಮೆ, ಉಳಿದ ಕ್ಷಾರಗಳು ಹೆಚ್ಚು. ಟೋಟಾಕ್ವಿನ್ ಕೆಲಸಕ್ಕೆ ಬಂತು. ಭಾರತದ ತೋಟಗಳು ಪುಟ್ಟವಾದರೂ ಉಳಿದುಕೊಂಡಿದ್ದವು. ಆದರೆ ಮದ್ದಿನ ಮೇಲೆ ಮೊದಲ ಹಕ್ಕು ಸೇನೆಯದಾಯಿತು. 1943ರ ಬಂಗಾಳದ ಕ್ಷಾಮದಲ್ಲಿ ಹಸಿವಿನ ಹಿಂದೆಯೇ ಮಲೇರಿಯಾ ಹಬ್ಬಿದಾಗ ಜನರಿಗೆ ಕ್ವಿನೈನ್ ಸಿಗಲಿಲ್ಲ, ಸಿಕ್ಕಿದ್ದು ಕಾಳಸಂತೆಯಲ್ಲಿ. ಯಾವ ಸೇನಾ ಲೆಕ್ಕದಲ್ಲೂ ಈ ಸಾವುಗಳು ಸೇರಿಲ್ಲ.

ಮಿತ್ರಸೇನೆಗಳನ್ನು ಉಳಿಸಿದ್ದು ಜರ್ಮನರದೇ ಅಟೆಬ್ರಿನ್, ಬ್ರಿಟಿಷರ ಹೆಸರಿನಲ್ಲಿ ಮೆಪಾಕ್ರಿನ್. ಹಡಗು, ತೋಟ, ಹವಾಮಾನ ಯಾವುದರ ಹಂಗೂ ಇಲ್ಲದೆ ಕಾರ್ಖಾನೆಯಲ್ಲಿ ತಯಾರಾಗುವ ಹಳದಿ ಗುಳಿಗೆ ಅದು. ಆಸ್ಟ್ರೇಲಿಯಾದ ಕೇರ್ನ್ಸ್‌ನಲ್ಲಿ ನೀಲ್ ಹ್ಯಾಮಿಲ್ಟನ್ ಫೇರ್ಲಿಯ ತಂಡ 1943ರಿಂದ ಸ್ವಯಂಸೇವಕ ಸೈನಿಕರಿಗೆ ಬೇಕೆಂದೇ ಸೋಂಕಿತ ಸೊಳ್ಳೆ ಕಚ್ಚಿಸಿ, ದಿನಕ್ಕೊಂದು ಗುಳಿಗೆ ತಪ್ಪದೆ ತೆಗೆದುಕೊಂಡರೆ ಜ್ವರ ತಲೆಯೆತ್ತುವುದಿಲ್ಲವೆಂದು ಖಚಿತಪಡಿಸಿತು. 'ತಪ್ಪದೆ' ಎಂಬಲ್ಲೇ ತೊಡಕು. ಚರ್ಮ ಹಳದಿಯಾಗುತ್ತಿತ್ತು, ಗಂಡಸುತನ ಹೋಗುತ್ತದೆಂಬ ವದಂತಿಯೂ ಹಬ್ಬಿತ್ತು.

ಬರ್ಮಾ ಗಡಿಯಲ್ಲಿ 1943ರಲ್ಲಿ ಹದಿನಾಲ್ಕನೆಯ ಸೇನೆಯನ್ನು ವಹಿಸಿಕೊಂಡ ವಿಲಿಯಂ ಸ್ಲಿಂ ಇದನ್ನು ಔಷಧಿಯ ಸಮಸ್ಯೆಯೆಂದು ನೋಡಲಿಲ್ಲ. ಆ ಸೇನೆಯಲ್ಲಿ ಗಾಯಗೊಂಡು ಹಿಂದೆ ಹೋಗುವ ಒಬ್ಬನಿಗೆ 120 ಜನ ಕಾಯಿಲೆಯಿಂದ ಹೋಗುತ್ತಿದ್ದರು. ವರ್ಷದ ಮಲೇರಿಯಾ ಪ್ರಮಾಣ ಒಟ್ಟು ಬಲದ ನೂರಕ್ಕೆ 84. ರಸ್ತೆ, ರೈಲು, ಹಡಗು ಹಿಡಿದು ನೂರಾರು ಮೈಲಿ ದೂರದ ಆಸ್ಪತ್ರೆಗೆ ಹೋದ ರೋಗಿ ತನ್ನ ತುಕಡಿಗೆ ಮರಳಲು ಸರಾಸರಿ ಐದು ತಿಂಗಳು. ಸ್ಲಿಂ ಆಸ್ಪತ್ರೆಯನ್ನೇ ಮುಂದಕ್ಕೆ ತಂದ. ಕದನದ ಸಾಲಿನಿಂದ ಕೆಲವೇ ಮೈಲಿ ಹಿಂದೆ ಬಿದಿರು ಮತ್ತು ಡೇರೆಗಳಲ್ಲಿ ಮಲೇರಿಯಾ ಚಿಕಿತ್ಸಾ ಘಟಕಗಳು ತೆರೆದವು. ಜ್ವರ ಬಂದವನು ಇಪ್ಪತ್ನಾಲ್ಕು ಗಂಟೆಯೊಳಗೆ ಅಲ್ಲಿರುತ್ತಿದ್ದ, ವಾರಗಳಲ್ಲಿ ತನ್ನ ತುಕಡಿಗೆ ಮರಳುತ್ತಿದ್ದ. ಸಾಗಣೆಯ ಖರ್ಚು, ಬದಲಿ ಸೈನಿಕನ ಖರ್ಚು ಎರಡೂ ಉಳಿದವು. ಗುಳಿಗೆಯ ವಿಷಯದಲ್ಲಿ ಅವನು ಹೊಣೆಯನ್ನು ವೈದ್ಯರಿಂದ ತೆಗೆದು ದಳಪತಿಗಳ ಮೇಲೆ ಹೊರಿಸಿದ. ಮುನ್ಸೂಚನೆಯಿಲ್ಲದೆ ಇಡೀ ತುಕಡಿಯನ್ನು ಪರೀಕ್ಷಿಸಿ, ನೂರಕ್ಕೆ 95ಕ್ಕಿಂತ ಕಡಿಮೆ ಜನ ಮೆಪಾಕ್ರಿನ್ ತೆಗೆದುಕೊಂಡಿದ್ದು ಕಂಡರೆ ದಳಪತಿಯನ್ನೇ ವಜಾ ಮಾಡುತ್ತಿದ್ದ. ಮೂವರನ್ನು ತೆಗೆಯುವುದರೊಳಗೆ ಉಳಿದವರಿಗೆ ಅರ್ಥವಾಯಿತು. ಆರಂಭದಲ್ಲಿ ದಿನಕ್ಕೆ ಸಾವಿರಕ್ಕೆ 12ರಂತೆ ಇದ್ದ ಕಾಯಿಲೆಯ ಪ್ರಮಾಣ 1945ರಲ್ಲಿ ಒಂದಕ್ಕೆ ಇಳಿದಿತ್ತು. ಯುದ್ಧದ ಕೊನೆಯಲ್ಲಿ ಬಂದ ಡಿಡಿಟಿಗೂ ಇದರಲ್ಲಿ ಪಾಲಿದೆ.

ಯುದ್ಧದ ಬಳಿಕ ಅಗ್ಗದ ಕ್ಲೋರೋಕ್ವಿನ್ ಎಲ್ಲವನ್ನೂ ಮೂಲೆಗೊತ್ತಿತು. ನೀಲಗಿರಿಯ ಸಿಂಕೋನಾ ನೆಲದಲ್ಲಿ ಬಹುಪಾಲು ಚಹಾಕ್ಕೆ ಹೋಯಿತು. ಹದಿನೈದು ವರ್ಷ ಕಳೆಯುವುದರೊಳಗೆ ಕ್ಲೋರೋಕ್ವಿನ್‌ಗೆ ಬಗ್ಗದ ರೋಗಾಣು ಆಗ್ನೇಯ ಏಷ್ಯಾದಲ್ಲಿ ಕಾಣಿಸಿಕೊಂಡಿತು, ಸರಿಯಾಗಿ ವಿಯೆಟ್ನಾಂ ಯುದ್ಧ ಬಿರುಸಾಗುವ ಹೊತ್ತಿಗೆ. ಅಮೆರಿಕದ ಸೇನೆ ವಾಲ್ಟರ್ ರೀಡ್ ಸಂಶೋಧನಾಲಯದಲ್ಲಿ ಲಕ್ಷಾಂತರ ರಾಸಾಯನಿಕಗಳನ್ನು ಸೋಸಿ ಮೆಫ್ಲೋಕ್ವಿನ್ ಹುಡುಕಿತು. ಉತ್ತರ ವಿಯೆಟ್ನಾಮಿನ ಕೋರಿಕೆಯ ಮೇಲೆ ಚೀನಾ 1967ರ ಮೇ 23ರಂದು ಗುಪ್ತ ಸೇನಾ ಯೋಜನೆಯೊಂದನ್ನು ಆರಂಭಿಸಿತು. ಆ ತಾರೀಖೇ ಅದಕ್ಕೆ 'ಯೋಜನೆ 523' ಎಂಬ ಹೆಸರು ಕೊಟ್ಟಿತು. ಹಳೆಯ ಚೀನೀ ವೈದ್ಯಗ್ರಂಥಗಳನ್ನು ಜಾಲಾಡಿದ ತು ಯೂಯೂ ಮತ್ತು ಸಂಗಡಿಗರು ಒಂದು ಬಗೆಯ ಮಾಚಿಪತ್ರೆ ಜಾತಿಯ ಗಿಡದಿಂದ ಆರ್ಟಿಮಿಸಿನಿನ್ ತೆಗೆದರು. 2015ರಲ್ಲಿ ತು ಯೂಯೂ ಅವರಿಗೆ ನೊಬೆಲ್ ಸಂದಿತು. ಕಠಿಣ ಮಲೇರಿಯಾದಲ್ಲಿ ವಯಸ್ಕರಿಗೆ ಕ್ವಿನೈನ್ ಬದಲು ಆರ್ಟಿಸುನೇಟ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಸೂಚಿಸಿತು. ಹೊಸ ಮದ್ದೂ ಗಿಡದಿಂದಲೇ ಬರುವುದು: 2005ರಲ್ಲಿ ಕಿಲೋ ಆರ್ಟಿಮಿಸಿನಿನ್‌ಗೆ ಸಾವಿರ ಡಾಲರ್ ದಾಟಿತ್ತು, ಚೀನಾ ಮತ್ತು ವಿಯೆಟ್ನಾಮಿನ ರೈತರು ಮುಗಿಬಿದ್ದು ಬೆಳೆದ ಮೇಲೆ 2007ರಲ್ಲಿ ಇನ್ನೂರರ ಆಸುಪಾಸಿಗೆ ಇಳಿಯಿತು, ಬೆಳೆದವರಲ್ಲಿ ಹಲವರು ಬೇರೆ ಬೆಳೆಗೆ ಹೋದರು.